ಮನೆಯ ಕುಂಡಗಳಲ್ಲಿ ಲೋಳೆಸರ ಮೊದಲಾದ ರಸಭರಿತ ಗಿಡಗಳ ಪಾಲನೆ

ಹಾನಗಲ್ಲ ತಾಲೂಕಿನ ಆಡೂರಿನಲ್ಲಾಗಲಿ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹಳ್ಳಿಗಳಲ್ಲಾಗಲಿ, ಮನೆಯ ತಲೆಬಾಗಿಲ ಮೇಲೆ ಲೋಳೆಸರದ ಗಿಡವನ್ನು ಬೇರುಸಹಿತ ಕಿತ್ತು ತಲೆಕೆಳಗಾಗಿ ಕಟ್ಟಿರುವದನ್ನು ವಾಚಕರು ಅನೇಕ ಸಾರೆ ನೋಡಿರಬಹುದು. ದೃಷ್ಟಿ ತಾಗಬಾರದೆಂದು ಕಟ್ಟಿದ ಆ ಗಿಡಕ್ಕೆ ಮಣ್ಣಿಲ್ಲ, ನೀರಿಲ್ಲ, ಗೊಬ್ಬರವಿಲ್ಲ. ಆದರೂ ಅದು ತಿಂಗಳುಗಟ್ಟಲೆ ಹಸಿರಾಗಿಯೇ ಇರುವದು. ಕೆಲವು ಸಾರೆ ತುದಿಯನ್ನು ಮೇಲಕ್ಕೆ ಬಾಗಿಸಿ ಹೊಸ ಎಲೆಯನ್ನೂ ಬಿಡುವದು. ಅದೇ ಮನೆಯ ಕಟ್ಟೆಯ ಮೇಲೆ ಕುಂಡದಲ್ಲಿಟ್ಟು ದಿನಾಲು ತಪ್ಪದೆ ನೀರು ಹಾಕಿದ ಲೋಳೆಸರವಾದರೋ, ಮಳೆಗಾಲವು ಅರ್ಧ ಕಳೆಯುವದರೊಳಗಾಗಿ ಬುಡ ಕೊಳೆತು ಮಗ್ಗುಲಾಗಿ ಬೀಳುವದು. ಉಪವಾಸವಿದ್ದ ಗಿಡವು ಬದುಕಿತು. ಉಪಚಾರ ಹೊಂದಿದ ಗಿಡವು ಸತ್ತಿತು. ಇದರ ಕಾರಣವನ್ನು ತಿಳಿದುಕೊಂಡರೆ ಈ ಜಾತಿಯ ಗಿಡಗಳ ಪಾಲನೆಯಲ್ಲಿ ಮುಕ್ಕಾಲು ಪಾಲನ್ನು ತಿಳಿದಂತೆಯೇ ಸರಿ.

ಹೊಲ ಗದ್ದೆಗಳ ಚಿಂತೆಯುಳ್ಳ ಗೌಡರಿಗೂ ಜಮೀನುದಾರರಿಗೂ ಕುಂಡದ ಗಿಡಗಳ ಮಾತು ಸಣ್ಣದೆಂದು ತೋರಬಹುದು. ಆದರೆ ಊರಿನ ಹಿರಿಯರ ಮನೆಯ ಕಟ್ಟೆಯ ಮೇಲೆ ಬೆಳೆದ ಗಿಡವು ಆ ಮನೆಯಲ್ಲಿಯೇ ನಿಲ್ಲುವದಿಲ್ಲ. ಒಬ್ಬರು ಔಷಧಕ್ಕೆಂದು ಎಲೆ ಕೇಳುವರು. ಇನ್ನೊಬ್ಬರು ನೆಡುವದಕ್ಕೆಂದು ಮರಿ ಕೇಳುವರು. ಹೀಗೆ ಒಂದು ಕುಂಡದ ಗಿಡವು ನಾಲ್ಕು ವರ್ಷಗಳಲ್ಲಿ ಊರೆಲ್ಲ ಹಬ್ಬುವದು. ಅದರೊಡನೆ ಅದರ ಗುಣವೂ ದೋಷವೂ ಹಬ್ಬುವವು. ಆದ್ದರಿಂದ ಗಿಡವನ್ನು ಕೊಡುವವರು ಅದರ ಆರೈಕೆಯನ್ನೂ ಅದರಿಂದಾಗಬಹುದಾದ ಅಪಾಯವನ್ನೂ ತಿಳಿದು ಹೇಳಿ ಕೊಡುವದು ಅವಶ್ಯವು.

1. ಗಿಡಗಳ ಪರಿಚಯ

ದಪ್ಪವಾದ ಎಲೆಯಲ್ಲಾಗಲಿ ಕಾಂಡದಲ್ಲಾಗಲಿ ನೀರನ್ನು ಕೂಡಿಟ್ಟುಕೊಂಡು ಬರದ ದಿನಗಳನ್ನು ಕಳೆಯುವ ಗಿಡಗಳಿಗೆ ರಸಭರಿತ ಗಿಡಗಳೆಂದು ಹೆಸರು. ನಮ್ಮ ಮನೆಗಳಲ್ಲಿ ಸಾಧಾರಣವಾಗಿ ಕಾಣುವಂಥವು ಇವು: ಎಲೆಯೊಳಗೆ ಲೋಳೆ ತುಂಬಿದ ಲೋಳೆಸರ, ನಾಲ್ಕು ಮೂಲೆಯ ಕಾಂಡವುಳ್ಳ, ಗಿಣ್ಣು ಗಿಣ್ಣಾಗಿ ಹಬ್ಬುವ ಮಂಗರವಳ್ಳಿ, ಎಲೆಯ ಅಂಚಿನಿಂದಲೇ ಸಸಿ ಹುಟ್ಟುವ ಕಾಡುಬಸಳೆ, ಪರಿಮಳದ ದಪ್ಪ ಎಲೆಯ ದೊಡ್ಡಪತ್ರೆ, ಮತ್ತು ಬೇಲಿಯಿಂದ ಈಚೆಗೆ ಅಂಗಳಕ್ಕೆ ಬಂದ ಕಳ್ಳಿಯ ನಾನಾ ಬಗೆಗಳು. ಪಟ್ಟಣದ ಸಸ್ಯಾಗಾರಗಳಿಂದ ತರುವ ಹೊಸ ಹೊಸ ಚಿಕ್ಕ ಗಿಡಗಳೂ ಬಹುತರ ಇದೇ ಸ್ವಭಾವದವು.

ಇವುಗಳಲ್ಲಿ ಕೆಲವು ದೂರದೇಶದಿಂದ ಬಂದವು. ಲೋಳೆಸರದ ಮೂಲಸ್ಥಾನವು ಅರಬಸ್ಥಾನದ ಒಣ ಗುಡ್ಡಗಳು. ಕಾಡುಬಸಳೆಯದು ಮಡಗಾಸ್ಕರ ದ್ವೀಪ. ನೀರನ್ನು ಕೂಡಿಡುವ ಈ ಗುಣವು ಸಣ್ಣ ಗಿಡಗಳಿಗೆ ಮಾತ್ರ ಸೀಮಿತವಾದುದಲ್ಲ. ಸವಣೂರಿನ ದೊಡ್ಡಹುಣಸೆ ಕಲ್ಮಠದ ಪ್ರಚಂಡ ಮರಗಳನ್ನು ನೋಡಿದವರು ಅವುಗಳ ಉಬ್ಬಿದ ಬೊಡ್ಡೆಯನ್ನು ಮರೆತಿರಲಾರರು. ಆಫ್ರಿಕಾ ಖಂಡದ ಈ ಜಾತಿಯ ಮರವು ಬೊಡ್ಡೆಯಲ್ಲಿ ನೀರನ್ನು ತುಂಬಿಕೊಂಡು, ಒಣಗಾಲದಲ್ಲಿ ಎಲೆಯುದುರಿಸಿ ನಿಲ್ಲುವದು. ಆ ಮರವು ಬೊಡ್ಡೆಯಿಂದ ಮಾಡುವದನ್ನೇ ಕುಂಡದ ಲೋಳೆಸರವು ಎಲೆಯಿಂದ ಮಾಡುವದು.

2. ಇವು ನೀರನ್ನು ಉಳಿಸುವ ಬಗೆ

ಜೋಳ, ಭತ್ತ, ಹತ್ತಿ ಮೊದಲಾದ ಪೈರುಗಳು ಹಗಲಿನಲ್ಲಿ ಎಲೆಯ ಸೂಕ್ಷ್ಮ ರಂಧ್ರಗಳನ್ನು ತೆರೆದು ಗಾಳಿಯೊಳಗಿನ ಇಂಗಾಲಾಮ್ಲ ವಾಯುವನ್ನು ಸೇವಿಸುವವು. ಆಗ ಬಿಸಿಲಿನ ತಾಪದಿಂದ ಎಲೆಯೊಳಗಿನ ನೀರು ಬಹಳವಾಗಿ ಆವಿಯಾಗಿ ಹೋಗುವದು. ರಸಭರಿತ ಗಿಡಗಳಲ್ಲಿ ಬಹುತರ ಗಿಡಗಳು ಹಗಲಿನಲ್ಲಿ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿಯ ತಂಪಿನಲ್ಲಿ ತೆರೆಯುವವು. ರಾತ್ರಿ ಸೇವಿಸಿದ ವಾಯುವನ್ನು ಹುಳಿಯ ರೂಪದಲ್ಲಿ ಎಲೆಯೊಳಗೆ ಕೂಡಿಟ್ಟು, ಮರುದಿನದ ಬೆಳಕಿನಲ್ಲಿ ಅದನ್ನು ಆಹಾರಕ್ಕೆ ಬಳಸಿಕೊಳ್ಳುವವು. ಆದಕಾರಣ ಇವುಗಳ ಎಲೆಯು ಬೆಳಿಗ್ಗೆ ಹುಳಿಯಾಗಿಯೂ ಹೊತ್ತೇರಿದಂತೆ ಸಪ್ಪೆಯಾಗಿಯೂ ಇರುವದು.

ಈ ಸಂಗತಿಯ ಇತಿಹಾಸದಲ್ಲಿ ನಮ್ಮ ನಾಡಿನ ಸಂಬಂಧವೂ ಉಂಟು. ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞನಾಗಿ ದಕ್ಷಿಣ ಹಿಂದುಸ್ಥಾನದಲ್ಲಿ ಸೇವೆ ಮಾಡಿದ, ಶ್ರೀರಂಗಪಟ್ಟಣದ ಪತನದ ಅನಂತರ ಬೆಂಗಳೂರಿನ ಲಾಲಬಾಗ ತೋಟದ ಮೇಲ್ವಿಚಾರಣೆಯನ್ನು ಕೆಲಕಾಲ ನೋಡಿಕೊಂಡ ಬೆಂಜಮಿನ್ ಹೈನೆ ಎಂಬವನು, ಕಾಡುಬಸಳೆಯ ಎಲೆಯು ಬೆಳಿಗ್ಗೆ ಹುಳಿಯಾಗಿದ್ದು ಮಧ್ಯಾಹ್ನಕ್ಕೆ ರುಚಿಯಿಲ್ಲದಾಗುವದನ್ನು ಕಂಡು ಬರೆದನು. ಆ ಬರಹವು 1815ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಮುಂದಿನ ಶಾಸ್ತ್ರಜ್ಞರು ಇದನ್ನೇ ಹಿಡಿದು ಶೋಧಿಸಿ ರಾತ್ರಿಯುಸಿರಿನ ಗುಟ್ಟನ್ನು ಬಯಲಿಗೆ ತಂದರು. ನಮ್ಮ ಹಿತ್ತಲಿನ ಒಂದು ಗಿಡದಿಂದ ಲೋಕಕ್ಕೆ ದೊರೆತ ಪಾಠವಿದು. ಆದರೆ ಈ ಎಲೆಯಲ್ಲಿ ವಿಷಾಂಶವಿರುವದರಿಂದ ಯಾರೂ ಈಗ ಅದನ್ನು ತಿಂದು ಪರೀಕ್ಷಿಸಬಾರದು.

ಇದರಿಂದ ರಯತನು ತಿಳಿಯತಕ್ಕದ್ದೇನಂದರೆ, ಈ ಗಿಡಗಳ ವೆಚ್ಚವು ಅತಿ ಸ್ವಲ್ಪ. ಕೂಡಿಟ್ಟ ಗಂಟು ದೊಡ್ಡದು. ಖರ್ಚಿಲ್ಲದವನ ಮನೆಗೆ ದಿನಾಲು ಚೀಲಗಟ್ಟಲೆ ಕಾಳು ಹೇರಿದರೆ ಅದು ಮುಗ್ಗುವದಲ್ಲದೆ ಬೇರೇನಾದೀತು? ಇವುಗಳ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣು ಸದಾ ಹಸಿಯಾಗಿದ್ದರೆ ಅದರೊಳಗಿನ ಗಾಳಿಯು ಹೊರಬಿದ್ದು ಬೇರು ಉಸಿರುಗಟ್ಟುವದು. ಆ ದುರ್ಬಲ ಬೇರಿಗೆ ಶಿಲೀಂಧ್ರವು ತಗಲಿ ಕೊಳೆಯು ಬುಡಕ್ಕೇರುವದು. ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲ ತಾಲೂಕಿನಲ್ಲಿ ಮಳೆಯೂ ಮೋಡವೂ ಹೆಚ್ಚು. ಆದ್ದರಿಂದ ಇಲ್ಲಿ ಈ ಗಿಡಗಳಿಗೆ ಬರಕ್ಕಿಂತ ಮಳೆಯೇ ಹೆಚ್ಚಿನ ಶತ್ರುವೆಂದು ತಿಳಿಯಬೇಕು.

3. ಕುಂಡ ಮತ್ತು ಮಣ್ಣು

ಕುಂಬಾರನು ಸುಟ್ಟ ಸಾದಾ ಮಣ್ಣಿನ ಕುಂಡವೇ ಉತ್ತಮವು. ಅದರ ಮೈಯಿಂದ ನೀರು ಸ್ವಲ್ಪ ಸ್ವಲ್ಪವಾಗಿ ಆವಿಯಾಗಿ ಹೋಗುವದರಿಂದ ಮಣ್ಣು ಬೇಗ ಆರುವದು. ಪ್ಲಾಸ್ಟಿಕ್ಕಿನ ಅಥವಾ ತಗಡಿನ ಡಬ್ಬಿಯನ್ನು ಬಳಸುವದಾದರೆ ತಳದಲ್ಲಿ ನಾಲ್ಕಾರು ತೂತುಗಳನ್ನು ಮಾಡಿಕೊಳ್ಳಬೇಕು. ತೂತಿಲ್ಲದ ಪಾತ್ರೆಯು ಎಷ್ಟೇ ಚೆಲುವಾಗಿರಲಿ, ಈ ಗಿಡಗಳಿಗೆ ಅದು ಬಾವಿಯೇ ಸರಿ. ಲೋಳೆಸರಕ್ಕೆ ಆಳಕ್ಕಿಂತ ಅಗಲವು ಮುಖ್ಯವು. 8ರಿಂದ 10 ಅಂಗುಲ ಬಾಯಗಲದ ಕುಂಡವು ಸಾಕು. ಚಿಕ್ಕ ಗಿಡಕ್ಕೆ ದೊಡ್ಡ ಕುಂಡವನ್ನು ಕೊಡಬಾರದು. ಯಾಕಂದರೆ ಬೇರು ಮುಟ್ಟದ ಮಣ್ಣಿನಲ್ಲಿ ನೀರು ಬಹುದಿನ ನಿಲ್ಲುವದು.

ಬರೀ ಎರೆಮಣ್ಣನ್ನು ಎಂದಿಗೂ ಹಾಕಬಾರದು. ಹತ್ತಿಗೂ ಜೋಳಕ್ಕೂ ತೇವವನ್ನು ಹಿಡಿದಿಟ್ಟು ಉಪಕಾರ ಮಾಡುವ ಆ ಗುಣವೇ ಇಲ್ಲಿ ಅಪಕಾರವಾಗುವದು. ಗದ್ದೆಯ ಜಿಗುಟು ಮಣ್ಣೂ ಆಗದು. ಮಸಾರಿ ಮಣ್ಣು 2 ಪಾಲು, ದಪ್ಪ ಉಸುಕು ಅಥವಾ ಸಣ್ಣ ಗರಸು 2 ಪಾಲು, ಚೆನ್ನಾಗಿ ಕಳಿತ ಹಳೆಯ ತಿಪ್ಪೆಗೊಬ್ಬರ 1 ಪಾಲು, ಹೀಗೆ ಕೂಡಿಸಿದ ಮಣ್ಣು ಯೋಗ್ಯವು. ಮಿಶ್ರಣದ ಪರೀಕ್ಷೆ ಹೀಗೆ: ಒಂದು ಹಿಡಿ ಮಣ್ಣನ್ನು ತೋಯಿಸಿ ಮುಷ್ಟಿಯಲ್ಲಿ ಹಿಚುಕಿ ಕೈ ಬಿಡಬೇಕು. ಉಂಡೆಯು ಬೆರಳು ತಗಲಿದ ಕೂಡಲೆ ಒಡೆದರೆ ಮಣ್ಣು ಸರಿಯಾಯಿತು. ಉಂಡೆಯಾಗಿಯೇ ನಿಂತರೆ ಇನ್ನೂ ಉಸುಕು ಬೇಕು.

ಕುಂಡದ ತಳದ ತೂತಿನ ಮೇಲೆ ಒಂದು ಹಂಚಿನ ಬೋಕಿಯನ್ನು ಬೋರಲಾಗಿಟ್ಟು ಮಣ್ಣು ತುಂಬಬೇಕು. ಕುಂಡವನ್ನು ನೆಲಕ್ಕೆ ತಾಗಿಸದೆ ಎರಡು ಇಟ್ಟಿಗೆಗಳ ಮೇಲೆ ನಿಲ್ಲಿಸಿದರೆ ತೂತು ಕಟ್ಟುವದಿಲ್ಲ. ಕೆಳಗೆ ತಟ್ಟೆಯನ್ನಿಡುವ ಪದ್ಧತಿಯು ಒಳ್ಳೆಯದಲ್ಲ. ನಿಂತ ನೀರು ಬೇರನ್ನು ಕೊಳೆಯಿಸುವದಲ್ಲದೆ, ಡೆಂಗ್ಯೂ ಜ್ವರವನ್ನು ಹರಡುವ ಸೊಳ್ಳೆಗಳಿಗೂ ಮನೆಯಾಗುವದು. ತಟ್ಟೆಯು ಬೇಕೇ ಬೇಕೆಂದಾದರೆ, ನೀರು ಹಾಕಿದ ಅರ್ಧ ತಾಸಿನೊಳಗಾಗಿ ಅದನ್ನು ಬರಿದು ಮಾಡತಕ್ಕದ್ದು.

4. ನೀರು ಹಾಕುವ ಕ್ರಮ

ನೀರಿನ ವಿಷಯದಲ್ಲಿ ವಾರದ ಲೆಕ್ಕಕ್ಕಿಂತ ಮಣ್ಣಿನ ಸಾಕ್ಷಿಯೇ ಪ್ರಮಾಣವು. ಒಂದು ಒಣ ಕಡ್ಡಿಯನ್ನು ಕುಂಡದಲ್ಲಿ 3 ಅಂಗುಲ ಆಳಕ್ಕೆ ಚುಚ್ಚಿ ತೆಗೆಯಬೇಕು. ಕಡ್ಡಿಗೆ ಮಣ್ಣು ಅಂಟಿ ಬಂದರೆ ಆ ದಿನ ನೀರು ಹಾಕಬಾರದು. ಕಡ್ಡಿಯು ಒಣಗಿಯೇ ಬಂದರೆ ಹಾಕಬೇಕು. ಹಾಕುವಾಗ ತಳದ ತೂತಿನಿಂದ ಹರಿದು ಬರುವಂತೆ ಒಮ್ಮೆಗೆ ಹಾಕಿ, ಮತ್ತೆ ಪೂರ್ತಿ ಆರುವವರೆಗೆ ಬಿಡಬೇಕು. ದಿನಾಲು ಅರ್ಧ ತಂಬಿಗೆಯಂತೆ ಹನಿಸುವದು ಅತ್ಯಂತ ಕೆಟ್ಟ ರೂಢಿಯು. ನೀರನ್ನು ಎಲೆಗಳ ನಡುವಿನ ಸುಳಿಯಲ್ಲಿ ಸುರಿಯದೆ ಮಣ್ಣಿಗೆ ಹಾಕಬೇಕು. ಬೆಳಗಿನ ಹೊತ್ತು ಒಳ್ಳೆಯದು.

ಕಾಲಮಾನದ ಅಂದಾಜನ್ನು ಹೀಗೆ ಹೇಳಬಹುದು. ಮಾರ್ಚದಿಂದ ಮೇ ವರೆಗಿನ ಬೇಸಿಗೆಯಲ್ಲಿ 7ರಿಂದ 10 ದಿನಕ್ಕೊಮ್ಮೆ. ಜೂನ ಮೊದಲ ವಾರದ ಸುಮಾರಿಗೆ ಮೃಗಶಿರಾ ಮಳೆಯು ಕೂಡುವದಕ್ಕೆ ಮುಂಚಿತವಾಗಿಯೇ ಕುಂಡಗಳನ್ನು ಅಂಗಳದಿಂದ ಪಡಸಾಲೆಯ ಅಂಚಿಗೆ, ಬೆಳಕು ಬೀಳುವ ಆದರೆ ಎರಚಲು ತಾಗದ ಸ್ಥಳಕ್ಕೆ ಸಾಗಿಸಬೇಕು. ಆರಿದ್ರಾದಿಂದ ಆಶ್ಲೇಷಾ ವರೆಗೆ, ಅಂದರೆ ಜೂನ ಕೊನೆಯಿಂದ ಆಗಸ್ಟ ನಡುವಿನ ವರೆಗೆ, ನೀರಿನ ಅವಶ್ಯಕತೆಯು ಬಹುತರ ಇಲ್ಲವೆಂದೇ ತಿಳಿಯಬೇಕು. ಕಡ್ಡಿಯ ಪರೀಕ್ಷೆಯು ಹೇಳಿದಾಗ ಮಾತ್ರ ಸ್ವಲ್ಪ ಕೊಡಬೇಕು. ಹಸ್ತಾ, ಚಿತ್ತಾ ಮಳೆಗಳು ತೀರಿದ ಮೇಲೆ ಕುಂಡಗಳನ್ನು ಮತ್ತೆ ಹೊರಗೆ ತರಬಹುದು. ಚಳಿಗಾಲದಲ್ಲಿ 15ರಿಂದ 20 ದಿನಕ್ಕೊಮ್ಮೆ ನೀರು ಸಾಕು. ದೊಡ್ಡಪತ್ರೆಗೆ ಮಾತ್ರ ಇದಕ್ಕಿಂತ ತುಸು ಹೆಚ್ಚು ಬೇಕು.

ಇಲ್ಲಿ ಒಂದು ತಪ್ಪು ಅನೇಕ ಮನೆಗಳಲ್ಲಿ ಆಗುವದು. ಮಳೆಗೆ ಅಂಜಿ ಕುಂಡವನ್ನು ಮಾಡದ ಕೆಳಗೆ ತಂದವರು ಅದನ್ನು ಹಂಚಿನ ಸೂರಿನ ನೇರಕ್ಕೆ ಇಡುವರು. ಬಯಲಿನ ಮಳೆಗಿಂತ ಸೂರಿನ ಧಾರೆಯು ಹೆಚ್ಚಿನದು. ಒಂದೇ ರಾತ್ರಿಯಲ್ಲಿ ಕುಂಡವು ಕೆರೆಯಾಗುವದು. ಆದ್ದರಿಂದ ಸೂರಿನಿಂದ ಒಂದು ಮೊಳ ಒಳಗೆ ಇಡತಕ್ಕದ್ದು.

ಬಾಯಾರಿದ ಗಿಡಕ್ಕೂ ನೀರು ಹೆಚ್ಚಾದ ಗಿಡಕ್ಕೂ ಭೇದವನ್ನು ಅರಿಯುವದು ಅತಿ ಮಹತ್ವದ್ದು. ಯಾಕಂದರೆ ಎರಡೂ ಜೋತುಬಿದ್ದಂತೆ ಕಾಣುವವು. ಬಾಯಾರಿದ ಎಲೆಯು ತೆಳ್ಳಗಾಗಿ ಒಳಕ್ಕೆ ಮಡಚಿಕೊಳ್ಳುವದು, ಆದರೆ ಗಟ್ಟಿಯಾಗಿಯೇ ಇರುವದು. ನೀರು ಹೆಚ್ಚಾದ ಎಲೆಯು ಹಳದಿಯಾಗಿ, ಬುಡದ ಕಡೆ ಬೇಯಿಸಿದಂತೆ ಮೆತ್ತಗಾಗಿ, ಮುಟ್ಟಿದರೆ ಕಳಚಿ ಬರುವದು. ಮೊದಲನೆಯದಕ್ಕೆ ನೀರು ಹಾಕಿದರೆ ಕೆಲವು ದಿನಗಳಲ್ಲಿ ಚೇತರಿಸುವದು; ಎರಡನೆಯದಕ್ಕೆ ನೀರು ಹಾಕಿದರೆ ಸಾಯುವದು. ಸಂದೇಹವಿದ್ದಾಗ ಹಾಕದೆ ಇರುವದೇ ಲೇಸು.

5. ಬಿಸಿಲು ಮತ್ತು ಗೊಬ್ಬರ

ಪೂರ್ವ ದಿಕ್ಕಿನ ಕಟ್ಟೆ, ಬೆಳಗಿನ ಮೂರು ನಾಲ್ಕು ತಾಸಿನ ಬಿಸಿಲು, ಇವು ಬಹುತರ ಗಿಡಗಳಿಗೆ ಹಿತವಾದವು. ಕತ್ತಲೆಯ ಕೋಣೆಯಲ್ಲಿಟ್ಟ ಗಿಡವು ಬಿಳಚಿಕೊಂಡು ಉದ್ದವಾಗಿ ಬೆಳೆದು ಬಾಗುವದು. ನೆರಳಿನಲ್ಲಿದ್ದ ಗಿಡವನ್ನು ಏಪ್ರಿಲದ ನಡುಹಗಲಿನ ಬಿಸಿಲಿಗೆ ಒಮ್ಮೆಲೆ ತಂದರೆ ಎಲೆಗಳು ಕೆಂಪಗಾಗಿ ಸುಡುವವು; ದಿನಕ್ಕೆ ಒಂದು ತಾಸಿನಂತೆ ರೂಢಿ ಮಾಡಿಸಬೇಕು. ಗೊಬ್ಬರವು ವರ್ಷಕ್ಕೊಮ್ಮೆ, ಫೆಬ್ರುವರಿ ಮಾರ್ಚ ತಿಂಗಳಲ್ಲಿ, ಸೋಸಿದ ಹಳೆಯ ತಿಪ್ಪೆಗೊಬ್ಬರದ ಒಂದು ಹಿಡಿ ಸಾಕು. ಯೂರಿಯಾ ಮೊದಲಾದವನ್ನು ಹಾಕಿದರೆ ಎಲೆಯು ನೀರುಗಟ್ಟಿ ಮೆತ್ತಗಾಗಿ ಕೊಳೆಗೆ ಬೇಗ ತುತ್ತಾಗುವದು.

6. ಕೊಳೆ ಮತ್ತು ಕೀಟ

ಬುಡ ಕೊಳೆತ ಗಿಡವನ್ನು ಒಮ್ಮೆಲೆ ಎಸೆಯಬೇಕಾದುದಿಲ್ಲ. ಅದನ್ನು ಕುಂಡದಿಂದ ಕಿತ್ತು ಮಣ್ಣನ್ನು ಕೊಡವಿ, ಕೊಳೆತ ಭಾಗವನ್ನು ತೊಳೆದ ಹರಿತವಾದ ಚಾಕುವಿನಿಂದ ಸ್ವಚ್ಛ ತಿರುಳು ಕಾಣುವವರೆಗೆ ಕೊಯ್ದು ತೆಗೆಯಬೇಕು. ಉಳಿದ ಭಾಗವನ್ನು 4ರಿಂದ 7 ದಿನ ನೆರಳಿನಲ್ಲಿಟ್ಟರೆ ಕೊಯ್ದ ಗಾಯವು ಒಣಗಿ ತೊಗಟೆಗಟ್ಟುವದು. ಆಮೇಲೆ ಹೊಸ ಒಣ ಮಿಶ್ರಣದಲ್ಲಿ ನೆಟ್ಟು ಒಂದು ವಾರ ನೀರು ಹಾಕದೆ ಇರಬೇಕು. ಬಾಗಿಲ ಮೇಲೆ ಕಟ್ಟಿದ ಗಿಡವನ್ನು ನೆನೆಸಿಕೊಂಡರೆ ಈ ಉಪವಾಸಕ್ಕೆ ಅಂಜಬೇಕಾದುದಿಲ್ಲ. ಹಳೆಯ ಮಣ್ಣನ್ನು ಬೇರೆ ಕುಂಡಕ್ಕೆ ಹಾಕಬಾರದು.

ಎಲೆಯ ಸಂದುಗಳಲ್ಲಿ ಹತ್ತಿಯ ತುಣುಕಿನಂತೆ ಬೆಳ್ಳಗೆ ಕಾಣುವದು ಹಿಟ್ಟು ತಿಗಣೆಯೆಂಬ ಕೀಟವು. ಸ್ವಲ್ಪವಿದ್ದಾಗ ಸಾಬೂನಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ ತೆಗೆಯಬೇಕು. ಹೆಚ್ಚಾಗಿದ್ದರೆ ಒಂದು ಲೀಟರ ನೀರಿಗೆ 5 ಮಿಲಿಲೀಟರ ಬೇವಿನ ಎಣ್ಣೆಯನ್ನೂ ತುಸು ಸಾಬೂನನ್ನೂ ಕೂಡಿಸಿ ಸಂಜೆಯ ಹೊತ್ತು ಸಿಂಪಡಿಸಬೇಕು. ಮೊದಲು ಒಂದೇ ಎಲೆಗೆ ಹಚ್ಚಿ ನೋಡುವದು ಜಾಣತನವು. ಇರುವೆಗಳು ಈ ಕೀಟದ ಸಿಹಿರಸಕ್ಕೆ ಆಶಿಸಿ ಅದನ್ನು ಕಾಯುವದರಿಂದ, ಕುಂಡಕ್ಕೆ ಇರುವೆಯ ಸಾಲು ಹತ್ತಿದರೆ ಎಲೆಯ ಸಂದುಗಳನ್ನು ಬಿಚ್ಚಿ ನೋಡಬೇಕು.

7. ಸಸಿ ಮಾಡುವ ಬಗೆ

ಲೋಳೆಸರದ ಬುಡದಲ್ಲಿ ಹುಟ್ಟುವ ಮರಿಗಳು ಗೇಣುದ್ದವಾದಾಗ ಬೇರುಸಹಿತ ಬಿಡಿಸಿ ನೆಡಬೇಕು. ಎಲೆಯನ್ನೇ ಕೊಯ್ದು ಮಣ್ಣಿನಲ್ಲಿ ಹುಗಿದರೆ ಅದು ಸಾಧಾರಣವಾಗಿ ಕೊಳೆಯುವದೇ ಹೊರತು ಗಿಡವಾಗುವದಿಲ್ಲ. ಮಂಗರವಳ್ಳಿಯ ಎರಡು ಮೂರು ಗಿಣ್ಣಿನ ತುಂಡನ್ನು ಕೊಯ್ದು ಕೆಲವು ದಿನ ಆರಿಸಿ ನೆಡಬೇಕು. ಹಬ್ಬುವದಕ್ಕೆ ಒಂದು ಕೋಲು ಅಥವಾ ಚಪ್ಪರವು ಬೇಕು. ದೊಡ್ಡಪತ್ರೆಗೆ 4 ಅಂಗುಲದ ಕಡ್ಡಿಯು ಸಾಕು. ಕಾಡುಬಸಳೆಯ ಒಂದೆಲೆಯನ್ನು ಮಣ್ಣಿನ ಮೇಲೆ ಇಟ್ಟರೆ ಅಂಚಿನಲ್ಲಿ ಸಾಲಾಗಿ ಸಸಿಗಳು ಏಳುವವು. ಇದು ನೋಡುವದಕ್ಕೆ ಸೋಜಿಗವು. ಇದರಲ್ಲಿಯೇ ಮುಂದೆ ಹೇಳುವ ಅಪಾಯವೂ ಅಡಗಿದೆ.

8. ಎಚ್ಚರಿಕೆಯ ಮಾತುಗಳು

ಕಳ್ಳಿಯ ಬಿಳಿ ಹಾಲು ಚರ್ಮಕ್ಕೆ ಉರಿಯನ್ನುಂಟುಮಾಡುವದು. ಕಣ್ಣಿಗೆ ಸಿಡಿದರೆ ತೀವ್ರ ಬಾಧೆಯಾಗಿ ದೃಷ್ಟಿಗೆ ಧಕ್ಕೆ ತಗಲಬಹುದು. ಮಕ್ಕಳಿರುವ ಮನೆಯಲ್ಲಿ ಕಳ್ಳಿಯ ಕುಂಡವನ್ನು ಕೈಗೆಟಕದಂತೆ ಇಡಬೇಕು. ಕಣ್ಣಿಗೆ ತಗಲಿದ್ದಾದರೆ ತಿಕ್ಕದೆ, ಸ್ವಚ್ಛ ನೀರಿನ ಸಣ್ಣ ಧಾರೆಯಿಂದ ಕಾಲು ತಾಸಿನವರೆಗೆ ತೊಳೆದು ತಕ್ಷಣ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಎಣ್ಣೆ, ಮೊಲೆಹಾಲು, ಸೊಪ್ಪಿನ ರಸ ಮೊದಲಾದವನ್ನು ಹಾಕುತ್ತ ಹೊತ್ತು ಕಳೆಯಬಾರದು.

ಲೋಳೆಸರವೆಂದು ಕತ್ತಾಳೆಯ ಮರಿಯನ್ನು ತಂದು ನೆಡುವದೂ ಉಂಟು. ಎಲೆಯನ್ನು ಮುರಿದು ನೋಡಿದರೆ ಲೋಳೆಸರದಲ್ಲಿ ಪಾರದರ್ಶಕವಾದ ಲೋಳೆಯೂ ಕತ್ತಾಳೆಯಲ್ಲಿ ಗಟ್ಟಿ ನಾರೂ ಕಾಣುವವು. ಕತ್ತಾಳೆಯ ರಸವು ಮೈಗೆ ತಗಲಿದರೆ ತುರಿಕೆಯಾಗುವದು. ನಿಜವಾದ ಲೋಳೆಸರದಲ್ಲಿಯೂ ಸಿಪ್ಪೆಯ ಕೆಳಗೆ ಹಳದಿಯ ಕಹಿ ರಸವಿರುವದು. ಅದು ತೀವ್ರವಾದ ಭೇದಿಯನ್ನುಂಟುಮಾಡುವದು. ಆದ್ದರಿಂದ ಕೊಯ್ದ ಎಲೆಯನ್ನು ಅರ್ಧ ತಾಸು ನೆಟ್ಟಗೆ ನಿಲ್ಲಿಸಿ ಹಳದಿ ರಸವನ್ನು ಸೋರಿಸಿ, ತೊಳೆದು, ಒಳಗಿನ ಲೋಳೆಯನ್ನು ಮಾತ್ರ ಮೈಗೆ ಹಚ್ಚಬೇಕು. ಚಿಕ್ಕ ಸುಟ್ಟ ಗಾಯವನ್ನು ಮೊದಲು ತಣ್ಣೀರಿನಿಂದ ಚೆನ್ನಾಗಿ ತಂಪು ಮಾಡಿ ಆಮೇಲೆ ಹಚ್ಚಬಹುದು. ದೊಡ್ಡ ಗಾಯಕ್ಕೆ ಆಸ್ಪತ್ರೆಯೇ ಗತಿಯು. ಬಸುರಿಯರಿಗೂ ಮಕ್ಕಳಿಗೂ ಇದನ್ನು ಹೊಟ್ಟೆಗೆ ಕೊಡಲೇಬಾರದು. ಮಂಗರವಳ್ಳಿಯ ಚಟ್ನಿಯನ್ನು ಮಾಡುವವರು ಎಳೆಯ ಕುಡಿಯನ್ನೇ ಆರಿಸಿ, ಎಣ್ಣೆಯಲ್ಲಿ ಹುರಿದು ಹುಣಸೆಹಣ್ಣು ಕೂಡಿಸುವದು ಗಂಟಲಿನ ತುರಿಕೆಯನ್ನು ತಪ್ಪಿಸುವದಕ್ಕಾಗಿಯೇ. ಆ ಕ್ರಮವನ್ನು ಬಿಡಬಾರದು.

ಕಾಡುಬಸಳೆಯಲ್ಲಿ ದನಗಳ ಹೃದಯಕ್ಕೆ ಮಾರಕವಾದ ವಿಷಾಂಶವುಂಟು. ಆಸ್ಟ್ರೇಲಿಯಾ ಖಂಡದಲ್ಲಿ ಈ ಕುಲದ ಗಿಡಗಳನ್ನು ಮೇಯ್ದು ದನಗಳು ಸತ್ತಿವೆ. ಸವರಿದ ಎಲೆಗಳನ್ನು ಕೊಟ್ಟಿಗೆಯ ಬದಿಗೆ ಅಥವಾ ತಿಪ್ಪೆಗೆ ಎಸೆದರೆ ಪ್ರತಿಯೊಂದು ಎಲೆಯೂ ಹತ್ತು ಗಿಡವಾಗುವದು. ಇಂಥ ಕಸವನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಸುಡತಕ್ಕದ್ದು.

9. ಬೇಲಿಯಾಚೆಗೆ ಎಸೆದ ಗಿಡದ ಕಥೆ

ಎಸೆದ ಗಿಡವು ಏನು ಮಾಡಬಲ್ಲದೆಂಬದಕ್ಕೆ ಪಾಪಾಸುಕಳ್ಳಿಯೇ ಸಾಕ್ಷಿಯು. ಇದು ಅಮೇರಿಕಾ ಖಂಡದ ಗಿಡವು. ಕೆಂಪು ಬಣ್ಣವನ್ನು ಕೊಡುವ ಕೀಟವನ್ನು ಈ ಕಳ್ಳಿಯ ಮೇಲೆ ಸಾಕಿ ಲಾಭ ಹೊಂದಬೇಕೆಂದು 1795ರಲ್ಲಿ ಬ್ರೆಝಿಲ್ ದೇಶದಿಂದ ಆ ಕೀಟವನ್ನು ಹಿಂದುಸ್ಥಾನಕ್ಕೆ ತಂದರು. ಬಂದದ್ದು ಕೀಳು ಬಣ್ಣದ ಬೇರೊಂದು ಜಾತಿಯು. ವ್ಯಾಪಾರವು ಕೈಗೂಡಲಿಲ್ಲ, ಆದರೆ ಆ ಕೀಟವು ಒಂದು ಬಗೆಯ ಕಳ್ಳಿಯನ್ನು ತಿಂದು ತೀರಿಸಿತು. ಕೀಟಕ್ಕೆ ಸಗ್ಗದ ಇನ್ನೊಂದು ಬಗೆಯ ಕಳ್ಳಿಯು ದಕ್ಷಿಣದ ಹೊಲ, ಗಾಯರಾಣ, ಹಾದಿಗಳನ್ನು ಆಕ್ರಮಿಸಿತು. ಕಡಿದರೆ ಕಡಿದ ತುಂಡೆಲ್ಲ ಚಿಗುರಿತು. ಕಡೆಗೆ 1926ರಲ್ಲಿ ಸಿಂಹಳದಿಂದ ಮತ್ತೊಂದು ಜಾತಿಯ ಕೀಟವನ್ನು ತರಿಸಿ ಬಿಟ್ಟ ಮೇಲೆ ಅದು ಹತೋಟಿಗೆ ಬಂದಿತು. ಆ ಕೀಟವೂ ಹಿಟ್ಟು ತಿಗಣೆಯ ಬಳಗದ್ದೇ. ಬೇಲಿಗೆಂದು ನೆಟ್ಟ ಒಂದು ಗಿಡದ ಋಣವನ್ನು ತೀರಿಸುವದಕ್ಕೆ ತಲೆಮಾರುಗಳೇ ಹಿಡಿದವು. ಆದ್ದರಿಂದ ಹೊಸದಾಗಿ ತಂದ ಯಾವ ರಸಭರಿತ ಗಿಡವನ್ನಾದರೂ ಕುಂಡದಲ್ಲಿಯೇ ಇರಿಸಬೇಕು; ಬದುವಿನ ಮೇಲೆ, ಕೆರೆಯ ಏರಿಯ ಮೇಲೆ, ಗಾಯರಾಣದಲ್ಲಿ ನೆಡಬಾರದು.

10. ಮಾಡಿ ನೋಡತಕ್ಕ ಪ್ರಯೋಗ

ಹೇಳಿದ್ದಕ್ಕಿಂತ ಕಂಡದ್ದನ್ನು ಜನರು ಹೆಚ್ಚಾಗಿ ನಂಬುವರು. ಒಂದೇ ತಾಯಿಗಿಡದ, ಒಂದೇ ಅಳತೆಯ ಎರಡು ಲೋಳೆಸರದ ಮರಿಗಳನ್ನು ಮೇ ತಿಂಗಳಲ್ಲಿ ಎರಡು ಕುಂಡಗಳಲ್ಲಿ ನೆಡಿರಿ. ಒಂದರಲ್ಲಿ ಹೊಲದ ಎರೆಮಣ್ಣನ್ನು ತುಂಬಿ ಮಳೆಯಲ್ಲಿ ಬಿಡಿರಿ. ಇನ್ನೊಂದರಲ್ಲಿ ಮೇಲೆ ಹೇಳಿದ ಮಿಶ್ರಣವನ್ನು ತುಂಬಿ ಪಡಸಾಲೆಯಲ್ಲಿಡಿರಿ. ಹಸ್ತಾ ಮಳೆಯು ಮುಗಿದ ದಿನ ಎರಡನ್ನೂ ಬುಡಸಹಿತ ಕಿತ್ತು ಬೇರುಗಳನ್ನು ಹೋಲಿಸಿ ನೋಡಿರಿ. ಮನೆಯ ಹೆಣ್ಣುಮಕ್ಕಳಿಗೂ ಊರ ಶಾಲೆಯ ಹುಡುಗರಿಗೂ ತೋರಿಸಿರಿ. ಯಾರಾದರೂ ಮರಿಯನ್ನು ಕೇಳಲು ಬಂದರೆ ಅದರೊಡನೆ ಮೂರು ಮಾತುಗಳನ್ನು ಕೊಟ್ಟು ಕಳಿಸಿರಿ: ತೂತಿನ ಕುಂಡ, ಉಸುಕಿನ ಮಣ್ಣು, ಆರಿದ ಮೇಲೆ ನೀರು. ಗಿಡಕ್ಕೆ ರೋಗ ಕಂಡು ಸಂದೇಹ ಉಂಟಾದಲ್ಲಿ ರೋಗ ಹತ್ತಿದ ಎಲೆಯನ್ನು ಕಾಗದದಲ್ಲಿ ಸುತ್ತಿಕೊಂಡು ತಾಲೂಕಿನ ತೋಟಗಾರಿಕೆಯ ಕಚೇರಿಗಾಗಲಿ, ರಾಣಿಬೆನ್ನೂರು ತಾಲೂಕಿನ ಹನುಮನಮಟ್ಟಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ಒಯ್ದು ತೋರಿಸಬಹುದು.